ವರ್ಷಕ್ಕೆ ಎಷ್ಟು ಪುಸ್ತಕ? ಸಂತೋಷದ ಓದು ಮತ್ತು ಸಂಕಲ್ಪದ ಲೆಕ್ಕ

ಕನ್ನಡದಲ್ಲಿ ‘ಓದು’ ಎಂಬ ಮಾತಿಗೆ ಶಾಲೆಯ ನಂಟು ಗಾಢವಾಗಿ ಅಂಟಿಕೊಂಡಿದೆ. ‘ಮಗ ಏನು ಓದುತ್ತಿದ್ದಾನೆ’ ಎಂದು ನೆಂಟರು ಕೇಳಿದರೆ ಅವರಿಗೆ ಬೇಕಾಗಿರುವುದು ತರಗತಿಯ ಹೆಸರೇ ಹೊರತು ಕಾದಂಬರಿಯ ಹೆಸರಲ್ಲ. ‘ಚೆನ್ನಾಗಿ ಓದಿಕೊಂಡವರು’ ಎಂದರೆ ಪದವಿ ಪಡೆದವರು ಎಂದೇ ಅರ್ಥ. ಪಠ್ಯಪುಸ್ತಕದ ನಡುವೆ ಪತ್ತೇದಾರಿ ಕಾದಂಬರಿಯನ್ನು ಅಡಗಿಸಿಟ್ಟುಕೊಂಡು ಕುಳಿತ ಮಕ್ಕಳನ್ನು ಹಿರಿಯರು ‘ಓದುತ್ತಿದ್ದಾನೆ’ ಎಂದು ಒಪ್ಪಿಕೊಂಡದ್ದು ಕಡಿಮೆ; ಅದು ‘ಕತೆಪುಸ್ತಕ ಹಿಡಿದು ಕೂರುವುದು’. ಪರೀಕ್ಷೆ, ಉದ್ಯೋಗ, ಪಾರಾಯಣದ ಪುಣ್ಯ ಇವಾವುದರ ಹಂಗೂ ಇಲ್ಲದೆ ಕೇವಲ ಸಂತೋಷಕ್ಕಾಗಿ ಓದುವುದನ್ನು ಸೂಚಿಸಲು ಬಳಕೆಯ ಮಾತಿನಲ್ಲಿ ಪ್ರತ್ಯೇಕ ಪದವಿಲ್ಲ. ‘ಹವ್ಯಾಸಕ್ಕಾಗಿ ಓದುವುದು’ ಎಂದು ಸುತ್ತಿ ಹೇಳಬೇಕಾಗುತ್ತದೆ.

ಈ ಹವ್ಯಾಸಕ್ಕೆ ಈಚಿನ ವರ್ಷಗಳಲ್ಲಿ ಒಂದು ಅಂಕಿಯೂ ಜೊತೆಯಾಗಿದೆ. ಜನವರಿ ಒಂದರಂದು 12, 24, 52 ಅಥವಾ 100 ಪುಸ್ತಕಗಳನ್ನು ವರ್ಷಾಂತ್ಯದೊಳಗೆ ಓದಿ ಮುಗಿಸುವುದಾಗಿ ಸಂಕಲ್ಪಿಸುವುದು, ಓದಿದ್ದನ್ನು ಟಿಪ್ಪಣಿ ಪುಸ್ತಕದಲ್ಲೋ ಮೊಬೈಲ್ ತಂತ್ರಾಂಶದಲ್ಲೋ ದಾಖಲಿಸುವುದು, ಡಿಸೆಂಬರ್ ಕೊನೆಯಲ್ಲಿ ಪಟ್ಟಿಯನ್ನು ಸ್ನೇಹಿತರ ಮುಂದಿಡುವುದು ನಗರಗಳ ಓದುಗರಲ್ಲಿ ಸಾಕಷ್ಟು ರೂಢಿಯಾಗಿದೆ. ಸಂಕಲ್ಪದ ಬಲದಿಂದ ಪುಸ್ತಕಕ್ಕೆ ಮರಳಿದವರು ಇದ್ದಾರೆ. ಎಣಿಕೆಯ ಹಿಂದೆ ಬಿದ್ದು ಓದಿನ ರುಚಿಯನ್ನೇ ಕಳೆದುಕೊಂಡವರೂ ಇದ್ದಾರೆ. ಈ ಎರಡರ ನಡುವಿನ ವ್ಯತ್ಯಾಸ ಇರುವುದು ಅಂಕಿಯ ಗಾತ್ರದಲ್ಲಿ ಅಷ್ಟಾಗಿ ಅಲ್ಲ. ಮುಂದಿನ ಪುಸ್ತಕವನ್ನು ಯಾರು ಆರಿಸುತ್ತಾರೆ, ಓದುಗನೋ ಅಂಕಿಯೋ ಎಂಬುದರಲ್ಲಿ.

ಲೆಕ್ಕವಿಟ್ಟ ಹಿಂದಿನವರು

ಓದಿದ ಪುಸ್ತಕಗಳ ಲೆಕ್ಕವಿಡುವುದು ಅಂತರ್ಜಾಲದ ಕೊಡುಗೆಯಲ್ಲ. ಹದಿನಾರನೆಯ ಶತಮಾನದ ಫ್ರೆಂಚ್ ಪ್ರಬಂಧಕಾರ ಮಿಷೆಲ್ ದ ಮೊಂಟೇನ್ (1533–1592) ತನ್ನ ಮರೆವಿನ ಕಾಟಕ್ಕೆ ಒಂದು ಉಪಾಯ ಕಂಡುಕೊಂಡಿದ್ದ. ಪುಸ್ತಕ ಮುಗಿದೊಡನೆ ಅದರ ಕೊನೆಯಲ್ಲಿ ದಿನಾಂಕವನ್ನೂ ಅದರ ಬಗ್ಗೆ ತನಗೆ ಒಟ್ಟಾರೆ ಅನ್ನಿಸಿದ್ದನ್ನೂ ಬರೆದಿಡುತ್ತಿದ್ದ. ಎಂದೋ ಓದಿ ಮುಗಿಸಿದ ಪುಸ್ತಕವನ್ನು ಹೊಸದೆಂದು ಭ್ರಮಿಸಿ ಮತ್ತೆ ಕೈಗೆತ್ತಿಕೊಂಡ ಅನುಭವ ಆತನಿಗೆ ಒಂದಲ್ಲ, ಹಲವು ಬಾರಿ ಆಗಿತ್ತು. ಪುಸ್ತಕಗಳ ಬಗೆಗಿನ ಅದೇ ಪ್ರಬಂಧದಲ್ಲಿ ತಾನು ಓದುವುದು ಸಂತೋಷಕ್ಕಾಗಿ, ಬೇಸರ ಬಂದರೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತೇನೆ ಎಂಬರ್ಥದ ಮಾತನ್ನೂ ಆತ ಸಂಕೋಚವಿಲ್ಲದೆ ಹೇಳಿಕೊಂಡಿದ್ದಾನೆ. ದಾಖಲೆಯೂ ಸ್ವಾತಂತ್ರ್ಯವೂ ಒಬ್ಬನಲ್ಲೇ ಕೂಡಿದ್ದವು.

ನಾಲ್ಕು ಬಾರಿ ಬ್ರಿಟನ್ನಿನ ಪ್ರಧಾನಿಯಾಗಿದ್ದ ವಿಲಿಯಂ ಗ್ಲ್ಯಾಡ್‌ಸ್ಟನ್ ಈ ವಿಷಯದಲ್ಲಿ ಬೇರೆಯೇ ಜಾತಿಯ ಮನುಷ್ಯ. 1825ರಲ್ಲಿ, ಹದಿಹರೆಯದಲ್ಲಿ ಆರಂಭಿಸಿದ ದಿನಚರಿಯನ್ನು 1896ರವರೆಗೆ ಬಿಡದೆ ಬರೆದ ಆತ ಅದರಲ್ಲಿ ದಾಖಲಿಸಿದ ಓದಿನ ಶೀರ್ಷಿಕೆಗಳ ಸಂಖ್ಯೆ 20,000ಕ್ಕೂ ಹೆಚ್ಚು. ಮುಪ್ಪಿನಲ್ಲಿ ವೇಲ್ಸ್‌ನ ಹಾರ್ಡನ್ ಗ್ರಾಮದಲ್ಲಿ ಗ್ರಂಥಾಲಯವೊಂದನ್ನು ಸ್ಥಾಪಿಸಿ, ಮನೆಯಲ್ಲಿದ್ದ ಸಾವಿರಾರು ಪುಸ್ತಕಗಳನ್ನು ಕೈಗಾಡಿಯಲ್ಲಿ ಅಲ್ಲಿಗೆ ಸಾಗಿಸುವ ಕೆಲಸದಲ್ಲಿ ತಾನೂ ಕೈಜೋಡಿಸಿದ. ಆ ಗ್ರಂಥಾಲಯ ಇಂದಿಗೂ ಆತನ ಹೆಸರಿನಲ್ಲಿದೆ.

ಈ ಸಾಲಿನಲ್ಲಿ ಹೆಚ್ಚು ಯೋಚನೆಗೆ ಹಚ್ಚುವುದು ಚಾರ್ಲ್ಸ್ ಡಾರ್ವಿನ್‌ನ ಪ್ರಸಂಗ. 1838ರಿಂದ 1860ರವರೆಗೆ ಡಾರ್ವಿನ್ ಓದಿನ ಟಿಪ್ಪಣಿ ಪುಸ್ತಕಗಳನ್ನು ಇಟ್ಟಿದ್ದ. ಓದಬೇಕಾದ ಪುಸ್ತಕಗಳದು ಒಂದು ಪಟ್ಟಿ, ಓದಿ ಮುಗಿಸಿದವುಗಳದು ಇನ್ನೊಂದು. ವಿಜ್ಞಾನದ ಗ್ರಂಥಗಳೊಂದಿಗೆ ಕಾದಂಬರಿ, ಪ್ರವಾಸಕಥನ, ಜೀವನಚರಿತ್ರೆಗಳೂ ಆ ಪಟ್ಟಿಗಳಲ್ಲಿ ಜಾಗ ಪಡೆದಿದ್ದವು. ತರುಣನಾಗಿದ್ದಾಗ ಕಾವ್ಯವೆಂದರೆ ಆತನಿಗೆ ಪ್ರಾಣ. ‘ಬೀಗಲ್’ ನೌಕೆಯ ಯಾನದಲ್ಲಿ ಮಿಲ್ಟನ್ನನ ಕಾವ್ಯ ಸದಾ ಸಂಗಾತಿಯಾಗಿತ್ತು. ಆದರೆ 1876ರಲ್ಲಿ ಆತ್ಮಕಥನ ಬರೆಯುವ ಹೊತ್ತಿಗೆ ಕಾವ್ಯದ ಒಂದು ಸಾಲನ್ನೂ ಸಹಿಸಲಾರದ ಸ್ಥಿತಿಗೆ ತಾನು ಬಂದಿರುವುದಾಗಿ, ಷೇಕ್ಸ್‌ಪಿಯರ್ ಕೂಡ ವಾಕರಿಕೆ ತರಿಸುವಷ್ಟು ನೀರಸವಾಗಿರುವುದಾಗಿ ಆತ ವಿಷಾದದಿಂದ ತೋಡಿಕೊಂಡ. ಮನಸ್ಸು ಸಂಗತಿಗಳನ್ನು ಅರೆದು ನಿಯಮಗಳನ್ನು ಹೊರಡಿಸುವ ಯಂತ್ರವಾಗಿ ಹೋಯಿತೆಂಬುದು ಆತನ ಕೊರಗು. ಇನ್ನೊಮ್ಮೆ ಬದುಕುವ ಅವಕಾಶ ಸಿಕ್ಕರೆ ವಾರಕ್ಕೆ ಒಮ್ಮೆಯಾದರೂ ಒಂದಿಷ್ಟು ಕಾವ್ಯ ಓದುವ, ಸಂಗೀತ ಕೇಳುವ ನಿಯಮ ಹಾಕಿಕೊಳ್ಳುತ್ತಿದ್ದೆ ಎಂದು ಆತ ಬರೆದ. ಕಾದಂಬರಿಯೊಂದೇ ಉಳಿದಿತ್ತು: ಮನೆಯವರು ಗಟ್ಟಿಯಾಗಿ ಓದುತ್ತಿದ್ದರು, ಆತ ಕೇಳುತ್ತಿದ್ದ, ಸುಖಾಂತವಲ್ಲದ ಕಾದಂಬರಿಗಳ ವಿರುದ್ಧ ಕಾನೂನು ಬರಬೇಕೆಂಬುದು ಆತನ ಅರೆ ತಮಾಷೆಯ ಅಭಿಪ್ರಾಯ.

ಎರಡು ದಶಕ ಕಾಲ ಅಚ್ಚುಕಟ್ಟಾಗಿ ಪಟ್ಟಿ ಇಟ್ಟ ಮನುಷ್ಯನಿಗೆ ಆ ಪಟ್ಟಿ ತನ್ನಲ್ಲಿ ಬತ್ತುತ್ತಿದ್ದುದನ್ನು ತಿಳಿಸಲಿಲ್ಲ. ಕೊನೆಗೆ ಆತ ಬಯಸಿದ ನಿಯಮವೂ ಪುಸ್ತಕಗಳ ಸಂಖ್ಯೆಯದಲ್ಲ, ವಾರದ ಅಭ್ಯಾಸದ್ದು ಎಂಬುದನ್ನು ಗಮನಿಸಬೇಕು.

ನಮ್ಮ ಕಾಲಕ್ಕೆ ಬಂದರೆ, ಅಮೆರಿಕದ ಗಾಯಕ ಆರ್ಟ್ ಗಾರ್ಫಂಕೆಲ್ 1968ರ ಜೂನ್‌ನಿಂದ ತಾವು ಓದಿದ ಪ್ರತಿ ಪುಸ್ತಕವನ್ನೂ ಪಟ್ಟಿಮಾಡುತ್ತ ಬಂದಿದ್ದಾರೆ. ರೂಸೋನ ಆತ್ಮಕಥೆಯಿಂದ ಆರಂಭವಾದ ಆ ಪಟ್ಟಿ ಸಾವಿರವನ್ನು ದಾಟಿದೆ. ಅಲ್ಲಿಯೂ ವರ್ಷಕ್ಕಿಷ್ಟು ಎಂಬ ಗುರಿಯಿಲ್ಲ. ನಡೆದ ದಾರಿಯ ಗುರುತು ಮಾತ್ರ.

ದಾಖಲೆ ಗುರಿಯಾದ ಬಗೆ

ನೆನಪಿಗಾಗಿ ಇಟ್ಟ ಪಟ್ಟಿ ಮುಂಗಡವಾಗಿ ನಿಗದಿಪಡಿಸಿದ ಗುರಿಯಾಗಿ ವ್ಯಾಪಕವಾದುದರಲ್ಲಿ ಅಂತರ್ಜಾಲದ ಪಾತ್ರ ದೊಡ್ಡದು. 2007ರಲ್ಲಿ ಆರಂಭವಾದ ‘ಗುಡ್‌ರೀಡ್ಸ್’ ತಾಣ 2011ರಲ್ಲಿ ವಾರ್ಷಿಕ ಓದಿನ ಸವಾಲನ್ನು ಪರಿಚಯಿಸಿತು. 2013ರಲ್ಲಿ ಅಮೆಜಾನ್ ಈ ತಾಣವನ್ನು ಖರೀದಿಸಿತು. ಸದಸ್ಯರು ತಮ್ಮ ಗುರಿಯನ್ನು ನಮೂದಿಸಿದರೆ, ವೇಳಾಪಟ್ಟಿಗಿಂತ ಎಷ್ಟು ಪುಸ್ತಕ ಮುಂದಿದ್ದಾರೆ, ಎಷ್ಟು ಹಿಂದಿದ್ದಾರೆ ಎಂಬುದನ್ನು ತಾಣ ತಿಳಿಸುತ್ತದೆ. ಈ ‘ಹಿಂದಿದ್ದೀರಿ’ ಎಂಬ ಸೂಚನೆ ಹೋಂವರ್ಕ್ ಬಾಕಿ ಉಳಿಸಿಕೊಂಡ ಮಗುವಿನ ಅಳುಕನ್ನೇ ಹುಟ್ಟಿಸುತ್ತದೆಂಬ ಆಕ್ಷೇಪ ಇದ್ದೇ ಇದೆ. 2019ರಲ್ಲಿ ಬಂದ ‘ಸ್ಟೋರಿಗ್ರಾಫ್’ ಎಂಬ ಇನ್ನೊಂದು ಸೇವೆಯಲ್ಲಿ ಪುಸ್ತಕಗಳ ಬದಲು ಪುಟಗಳ ಅಥವಾ ಗಂಟೆಗಳ ಗುರಿ ಇಟ್ಟುಕೊಳ್ಳುವ ಅವಕಾಶವುಂಟು.

ಇಂಥ ಸಂಕಲ್ಪಗಳಿಂದ ಒಳ್ಳೆಯ ಪುಸ್ತಕಗಳೇ ಹುಟ್ಟಿದ ನಿದರ್ಶನಗಳಿವೆ. ಅಮೆರಿಕದ ನೀನಾ ಸಾಂಕೊವಿಚ್ ಅಕ್ಕನನ್ನು ಕಳೆದುಕೊಂಡ ದುಃಖದಲ್ಲಿದ್ದರು. 2008ರ ಅಕ್ಟೋಬರ್‌ನಲ್ಲಿ, ತಮ್ಮ 46ನೆಯ ಹುಟ್ಟುಹಬ್ಬದಂದು, ದಿನಕ್ಕೊಂದು ಪುಸ್ತಕದಂತೆ ಒಂದು ವರ್ಷ ಓದಲು ತೊಡಗಿದರು. 2011ರಲ್ಲಿ ಆ ಅನುಭವವನ್ನು ಪುಸ್ತಕವಾಗಿಸಿದರು. ಬ್ರಿಟನ್ನಿನ ಆನ್ ಮಾರ್ಗನ್ 2012ರಲ್ಲಿ ಜಗತ್ತಿನ ಪ್ರತಿಯೊಂದು ದೇಶದಿಂದ ಒಂದೊಂದು ಪುಸ್ತಕ ಓದುವ ವ್ರತ ಹಿಡಿದರು. ತಮ್ಮ ಕಪಾಟು ಬಹುಮಟ್ಟಿಗೆ ಇಂಗ್ಲಿಷ್ ಲೇಖಕರಿಂದಲೇ ತುಂಬಿದೆ ಎಂಬ ಅರಿವು ಅವರ ಸಂಕಲ್ಪಕ್ಕೆ ಪ್ರೇರಣೆ. ಇಬ್ಬರ ಅಂಕಿಯೂ ದೊಡ್ಡದೇ, ಆದರೆ ಅಂಕಿಯ ಹಿಂದೆ ಕಾರಣವೊಂದಿತ್ತು. ಇನ್ನು ವರ್ಷಕ್ಕೆ 70–80 ಪುಸ್ತಕ ಓದುವುದಾಗಿ ಕಾದಂಬರಿಕಾರ ಸ್ಟೀಫನ್ ಕಿಂಗ್ 2000ದಲ್ಲಿ ಬರೆದದ್ದನ್ನು ಹಲವರು ಮಾದರಿಯಾಗಿ ಎತ್ತಿ ಹೇಳುತ್ತಾರೆ. ಅವರಿಗೆ ಬರವಣಿಗೆಯೇ ಕಸುಬು, ಓದು ಆ ಕಸುಬಿನ ಭಾಗ ಎಂಬುದು ಆಗ ಮರೆತುಹೋಗುತ್ತದೆ.

ಐವತ್ತೆರಡರ ಗಣಿತ

ವಾರಕ್ಕೊಂದರಂತೆ 52 ಪುಸ್ತಕ ಎಂಬುದು ಬಹಳ ಜನಪ್ರಿಯ ಗುರಿ. ಸರಾಸರಿ 250 ಪುಟ ಎಂದುಕೊಂಡರೆ ವರ್ಷಕ್ಕೆ 13,000 ಪುಟ, ದಿನಕ್ಕೆ ಸುಮಾರು 36 ಪುಟ. ಪುಟಕ್ಕೆ ಎರಡು ನಿಮಿಷವಾದರೂ ದಿನಕ್ಕೆ ಒಂದು ಗಂಟೆ ಹತ್ತು ನಿಮಿಷಕ್ಕೂ ಮಿಕ್ಕ ಸಮಯ ಬೇಕು. ಹಬ್ಬ, ಮದುವೆ, ಜ್ವರ, ಕಚೇರಿಯ ಮಾರ್ಚ್ ತಿಂಗಳ ಒತ್ತಡ ಯಾವುದಕ್ಕೂ ರಜೆಯಿಲ್ಲ. ತಿಂಗಳಿಗೊಂದರಂತೆ 12 ಪುಸ್ತಕವಾದರೆ ದಿನಕ್ಕೆ ಎಂಟು ಪುಟ, ಹದಿನೈದು–ಇಪ್ಪತ್ತು ನಿಮಿಷ ಸಾಕು. ನಮ್ಮ ಮೆಟ್ರೋ ಪ್ರಯಾಣದಲ್ಲೇ ಇಷ್ಟು ಬಿಡುವು ಸಿಕ್ಕೀತು, ಕೂರಲು ಜಾಗ ಸಿಗುವ ಪಕ್ಷದಲ್ಲಿ.

ಓದಿನ ವೇಗದ ಬಗ್ಗೆ ಪ್ರಚಲಿತವಿರುವ ಅಂಕಿಗಳನ್ನು ಕನ್ನಡಕ್ಕೆ ನೇರವಾಗಿ ಅನ್ವಯಿಸಲಾಗದು. ಮನಸ್ಸಿನಲ್ಲೇ ಇಂಗ್ಲಿಷ್ ಓದುವ ವಯಸ್ಕರ ಸರಾಸರಿ ವೇಗ ಕಥನೇತರ ಬರಹಕ್ಕೆ ನಿಮಿಷಕ್ಕೆ ಸುಮಾರು 238 ಪದ ಎಂದು ಬೆಲ್ಜಿಯಂನ ಮನೋವಿಜ್ಞಾನಿ ಮಾರ್ಕ್ ಬ್ರಿಸ್‌ಬರ್ಟ್ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಅಂದಾಜಿಸಿದರು. ಇಂಗ್ಲಿಷಿನಲ್ಲಿ ನಾಲ್ಕೈದು ಪದ ಹಿಡಿಯುವ ಅರ್ಥ ಕನ್ನಡದಲ್ಲಿ ಪ್ರತ್ಯಯಗಳು ಸೇರಿದ ಒಂದೇ ಪದದಲ್ಲಿ ಅಡಗಿರಬಹುದು. ‘ಬರಬೇಕಾಗಿದ್ದವರಿಗಾಗಿ’ ಎಂಬುದನ್ನು ಒಂದು ಪದವೆಂದು ಎಣಿಸಿ ವೇಗ ಅಳೆದರೆ ಕನ್ನಡಿಗರೆಲ್ಲ ನಿಧಾನಸ್ಥರೆಂಬ ತೀರ್ಮಾನಕ್ಕೆ ಬರಬೇಕಾದೀತು.

ಎಣಿಕೆಯ ನಿಜವಾದ ತೊಡಕು ಇನ್ನೊಂದು ಕಡೆ ಇದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) 700ಕ್ಕೂ ಹೆಚ್ಚು ಪುಟಗಳ ಕಾದಂಬರಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅಥವಾ ಅನಂತಮೂರ್ತಿಯವರ ‘ಸಂಸ್ಕಾರ’ (1965) ಒಂದೆರಡು ಕೂರಿಕೆಯಲ್ಲಿ ಮುಗಿಯುವಂಥವು. ಗುರಿಯ ಖಾತೆಯಲ್ಲಿ ಮೂರಕ್ಕೂ ತಲಾ ಒಂದೇ ಅಂಕ. ವಾರಕ್ಕೊಂದು ಪುಸ್ತಕದ ಲೆಕ್ಕ ಹಾಕಿಕೊಂಡವನು ದಿನಕ್ಕೆ 36 ಪುಟದಂತೆ ‘ಮದುಮಗಳು’ ಓದಿದರೆ ಸುಮಾರು ಮೂರು ವಾರ ಬೇಕು. ಪುಸ್ತಕ ಮುಗಿಯುವಾಗ ಆತ ವೇಳಾಪಟ್ಟಿಗಿಂತ ಎರಡು ಪುಸ್ತಕ ಹಿಂದೆ. ಭೈರಪ್ಪನವರ ‘ಪರ್ವ’ (1979) ಹಿಡಿದರೂ ಇದೇ ಪಾಡು. ಹೀಗಾಗಿ ಅಂಕಿಯ ಭಯವಿರುವ ಓದುಗ ನವೆಂಬರ್ ಹೊತ್ತಿಗೆ ಬೆನ್ನಿನ ದಪ್ಪ ನೋಡಿ ಪುಸ್ತಕ ಆರಿಸತೊಡಗುತ್ತಾನೆ. ತೆಳು ಪುಸ್ತಕಗಳು ಕೀಳೆಂದು ಇದರ ಅರ್ಥವಲ್ಲ. ತೇಜಸ್ವಿಯವರ ‘ಕರ್ವಾಲೊ’ (1980) ತೆಳುವಾಗಿದೆ ಎಂದು ಯಾರೂ ದೂರಿಲ್ಲ. ಆದರೆ ಹುಲಿಕಲ್ಲು ಗುಡ್ಡದ ಕಾಡುದಾರಿಯಲ್ಲಿ ಗುತ್ತಿಯ ಜೊತೆ ನಡೆಯುತ್ತಿರುವಾಗ ಇನ್ನೆಷ್ಟು ಪುಟ ಎಂದು ತಿರುವಿ ನೋಡುವವನು ಆ ಕಾದಂಬರಿಯನ್ನು ಓದುತ್ತಿಲ್ಲ, ದಾಟುತ್ತಿದ್ದಾನೆ.

ಅಳತೆ ಸುಖವನ್ನು ಕಸಿಯುವುದೇ?

ಈ ಪ್ರಶ್ನೆ ಮನೋವಿಜ್ಞಾನಿಗಳನ್ನೂ ಕಾಡಿದೆ. 1973ರಲ್ಲಿ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಅಮೆರಿಕದ ಶಿಶುವಿಹಾರವೊಂದರಲ್ಲಿ ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಮಕ್ಕಳನ್ನು ಗಮನಿಸಿದರು. ಚಿತ್ರ ಬರೆದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದ್ದ ಮಕ್ಕಳು ಮುಂದಿನ ದಿನಗಳಲ್ಲಿ ತಾವಾಗಿಯೇ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದರು. ನಿರೀಕ್ಷೆಯಿಲ್ಲದೆ ಪ್ರಶಸ್ತಿ ಪಡೆದವರಲ್ಲಿ ಇಂಥ ಕುಸಿತ ಕಾಣಲಿಲ್ಲ.

ಓದಿಗೆ ಇನ್ನೂ ಹತ್ತಿರದ ಅಧ್ಯಯನ ಡ್ಯೂಕ್ ವಿಶ್ವವಿದ್ಯಾಲಯದ ಜೋರ್ಡನ್ ಎಟ್ಕಿನ್ ಅವರದು (2016). ಚಿತ್ರಕ್ಕೆ ಬಣ್ಣ ತುಂಬುವುದು, ನಡಿಗೆ, ಓದು ಮುಂತಾದ ಚಟುವಟಿಕೆಗಳಲ್ಲಿ ಮಾಡಿದ್ದನ್ನು ಅಳೆಯುತ್ತ ಹೋದವರು ಹೆಚ್ಚು ಮಾಡಿದರು, ಆದರೆ ಕಡಿಮೆ ಆನಂದಿಸಿದರು. ಅಳತೆ ಬಂದೊಡನೆ ಆಟವು ಕೆಲಸದಂತೆ ಭಾಸವಾಗತೊಡಗುತ್ತದೆ. ಅಳತೆ ನಿಂತ ಮೇಲೆ ಆ ಚಟುವಟಿಕೆಗೆ ತಾವಾಗಿ ಮರಳುವ ಒಲವೂ ತಗ್ಗುತ್ತದೆ ಎಂಬುದು ಅವರ ವಿವರಣೆ. ಇದನ್ನು ಅತಿಯಾಗಿ ಎಳೆಯಬೇಕಾಗಿಲ್ಲ. ಪ್ರಯೋಗಶಾಲೆಯ ಕೆಲವು ನಿಮಿಷಗಳ ಓದು ಬೇರೆ, ಮಳೆಗಾಲದ ಭಾನುವಾರದ ಓದು ಬೇರೆ. ಓದೇ ನಿಂತುಹೋದವನಿಗೆ ಕಸಿದುಕೊಳ್ಳಲು ಸುಖವಾದರೂ ಎಲ್ಲಿದೆ? ಅಂಥವನಿಗೆ ಮೊದಲ ಮೂರು ತಿಂಗಳು ಅಂಕಿಯ ಊರುಗೋಲು ಬೇಕಾಗಬಹುದು. ಮೊಬೈಲ್ ಪರದೆಯ ಮುಂದೆ ಕರಗುವ ಸಂಜೆಗಳಿಗೆ ಎದುರಾಗಿ ಪುಸ್ತಕವನ್ನು ಮೇಜಿನ ಮೇಲೆ ತಂದಿಡುವಷ್ಟು ಕೆಲಸವನ್ನು ಗುರಿ ಖಂಡಿತ ಮಾಡಬಲ್ಲದು. ದಿನವೂ ಓದುವವನಿಗೆ ಅದೇ ಊರುಗೋಲು ಕಾಲಿಗೆ ತೊಡರಬಹುದು.

ಕನ್ನಡದ ವಾರ್ಷಿಕ ಓದು

ನಿಗದಿತ ಅವಧಿಯಲ್ಲಿ ಗ್ರಂಥವೊಂದನ್ನು ಓದಿ ಮುಗಿಸುವ ಪದ್ಧತಿ ಈ ನಾಡಿಗೆ ಹೊಸದಲ್ಲ. ಭಾಗವತವನ್ನು ಏಳು ದಿನಗಳಲ್ಲಿ ಮುಗಿಸುವ ಸಪ್ತಾಹ, ಶ್ರಾವಣ ಮಾಸದಲ್ಲಿ ಮಠ ಮಂದಿರಗಳಲ್ಲಿ ನಡೆಯುವ ಪುರಾಣ ಪ್ರವಚನ, ಕೊನೆಯ ದಿನದ ಮಂಗಳ ಇವೆಲ್ಲ ಗುರಿಯಿಟ್ಟ ಓದುಗಳೇ. ವ್ಯತ್ಯಾಸವೆಂದರೆ ಅಲ್ಲಿ ಒಬ್ಬರು ಓದುತ್ತಿದ್ದರು, ಊರು ಕೇಳುತ್ತಿತ್ತು. ಮುಂದಿನ ವರ್ಷ ಅದೇ ಗ್ರಂಥ ಮತ್ತೆ ಬರುತ್ತಿತ್ತು. ಓದಿದ್ದನ್ನೇ ಓದಿದರೆ ಲೆಕ್ಕಕ್ಕೆ ಬರುತ್ತದೆಯೇ ಎಂಬ ಇಂದಿನ ಸಂದೇಹ ಆ ಕೇಳುಗರಿಗೆ ನಗು ತರಿಸುತ್ತಿತ್ತು.

ಒಬ್ಬರೇ ಕುಳಿತು ಮೌನವಾಗಿ ಓದುವ ಕನ್ನಡ ಓದುಗ ವರ್ಗ ಬೆಳೆದದ್ದು ಕಾದಂಬರಿಯೊಂದಿಗೆ. ಗಳಗನಾಥರು (1869–1942) ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರೆಂಬುದು ಕನ್ನಡ ಪುಸ್ತಕ ಚರಿತ್ರೆಯಲ್ಲಿ ಮತ್ತೆ ಮತ್ತೆ ನೆನಪಾಗುವ ಸಂಗತಿ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರಿಗೆ ಪುಸ್ತಕಗಳನ್ನು ಕಳುಹಿಸುವ ಪದ್ಧತಿಯನ್ನು ಬೆಳೆಸಿತು. ಆಗ ವರ್ಷದ ಓದಿನ ಪಟ್ಟಿಯನ್ನು ಪ್ರಕಾಶಕರ ಅಭಿರುಚಿಯೇ ನಿರ್ಧರಿಸುತ್ತಿತ್ತು, ತಾವಾಗಿ ಎಂದೂ ಕೊಳ್ಳದ ಪುಸ್ತಕವೂ ಅಂಚೆಯಣ್ಣನ ಚೀಲದಲ್ಲಿ ಮನೆಗೆ ಬರುತ್ತಿತ್ತು. ಮುಂದೆ ‘ಸುಧಾ’ (1965), ‘ಮಯೂರ’ (1968), ‘ತರಂಗ’ (1983) ಮುಂತಾದ ಪತ್ರಿಕೆಗಳ ಕಾಲ. ಧಾರಾವಾಹಿಯ ಪುಟಗಳನ್ನು ಕತ್ತರಿಸಿ, ಸೂಜಿದಾರದಿಂದ ಹೊಲಿದು, ರಟ್ಟು ಹಾಕಿಸಿ ಇಟ್ಟುಕೊಂಡ ಮನೆಗಳು ಅನೇಕ. ಒಂದು ಕಾದಂಬರಿಗೆ ಹಲವು ತಿಂಗಳು ಹಿಡಿದರೂ ಆ ಓದುಗರಿಗೆ ತಾವು ‘ಹಿಂದೆ ಬಿದ್ದೆವು’ ಅನ್ನಿಸಲಿಲ್ಲ. ಬಡಾವಣೆಗಳ ಬಾಡಿಗೆ ಗ್ರಂಥಾಲಯಗಳಲ್ಲಿ ಮಾತ್ರ ಅವಸರವಿತ್ತು. ತಡವಾದಷ್ಟೂ ಬಾಡಿಗೆ ಏರುತ್ತಿದ್ದುದರಿಂದ ತ್ರಿವೇಣಿ, ಅನಕೃ ಕಾದಂಬರಿಗಳು ಒಂದೇ ರಾತ್ರಿಯಲ್ಲಿ ಮುಗಿಯುತ್ತಿದ್ದವು.

ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ ಶನಿವಾರ ಒಟ್ಟಿಗೆ ಕುಳಿತು ಮೌನವಾಗಿ ಓದುವ ‘ಕಬ್ಬನ್ ರೀಡ್ಸ್’ 2023ರಲ್ಲಿ ಹೆಸರಾಗಿ ಬೇರೆ ನಗರಗಳಿಗೂ ಹಬ್ಬಿತು. ಅಲ್ಲಿ ಗುರಿಯಾಗಲಿ ಚರ್ಚೆಯಾಗಲಿ ಕಡ್ಡಾಯವಲ್ಲ. ಹುಲ್ಲಿನ ಮೇಲೆ ಚಾಪೆ ಹಾಸಿ ತಮ್ಮಿಷ್ಟದ ಪುಸ್ತಕ ತೆರೆದರಾಯಿತು.

ಪುಸ್ತಕ ಬಿಡುವ ಹಕ್ಕು

ಸಂಕಲ್ಪ ಮುರಿಯುವುದು ಬಹುತೇಕ ಒಂದೇ ಪುಸ್ತಕದಲ್ಲಿ. ರುಚಿಸದ ಪುಸ್ತಕವೊಂದು ಮಾರ್ಚ್‌ನಲ್ಲಿ ಸಿಕ್ಕಿಕೊಳ್ಳುತ್ತದೆ, ಮುಗಿಸದೆ ಬೇರೊಂದನ್ನು ಹಿಡಿಯಲು ಮನಸ್ಸು ಒಪ್ಪುವುದಿಲ್ಲ, ಮೇ ತಿಂಗಳವರೆಗೆ ಯಾವುದನ್ನೂ ಓದದೆ ದಿನ ಕಳೆಯುತ್ತದೆ. ಫ್ರೆಂಚ್ ಲೇಖಕ ಹಾಗೂ ಶಿಕ್ಷಕ ಡೇನಿಯಲ್ ಪೆನಾಕ್ 1992ರ ಪುಸ್ತಕವೊಂದರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಪಟ್ಟಿಮಾಡಿದ್ದಾರೆ. ಓದದೇ ಇರುವ ಹಕ್ಕು, ಪುಟ ಹಾರಿಸುವ ಹಕ್ಕು, ಮುಗಿಸದೆ ಬಿಡುವ ಹಕ್ಕು, ಮತ್ತೆ ಓದುವ ಹಕ್ಕು ಅವುಗಳಲ್ಲಿ ಸೇರಿವೆ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರದು ಇನ್ನೂ ವ್ಯಾವಹಾರಿಕ ಸೂತ್ರ: 50 ಪುಟ ಓದಿ, ಹಿಡಿಸದಿದ್ದರೆ ಬಿಡಿ, ವಯಸ್ಸು 50 ದಾಟಿದವರು 100ರಿಂದ ತಮ್ಮ ವಯಸ್ಸನ್ನು ಕಳೆದರೆ ಬರುವಷ್ಟು ಪುಟ ಓದಿದರೆ ಸಾಕು. ಅರವತ್ತರವರಿಗೆ 40 ಪುಟ, ಎಂಬತ್ತರವರಿಗೆ 20.

ಕೊಂಡ ಪುಸ್ತಕವನ್ನು ಅರ್ಧಕ್ಕೆ ಬಿಡಲು ಕೈ ಬಾರದಿರುವುದು ಸಹಜ, ಹಣ ಕೊಟ್ಟಾಗಿದೆಯಲ್ಲ. ಇಲ್ಲಿ ಸಾರ್ವಜನಿಕ ಗ್ರಂಥಾಲಯ ನೆರವಿಗೆ ಬರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಅನ್ವಯ ನಗರವಾಸಿಗಳು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ತೆರುತ್ತಾರೆ. ಕರ ಕಟ್ಟಿಯೂ ಒಮ್ಮೆಯೂ ಒಳಹೊಕ್ಕು ನೋಡದವರ ಸಂಖ್ಯೆ ಸಣ್ಣದಿರಲಾರದು. ಕಬ್ಬನ್ ಉದ್ಯಾನದ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿರುವ ರಾಜ್ಯ ಕೇಂದ್ರ ಗ್ರಂಥಾಲಯದಿಂದ ಹಿಡಿದು ಬಡಾವಣೆಯ ಶಾಖೆಗಳವರೆಗೆ ಈ ಜಾಲ ಹರಡಿದೆ. ರಾಜ್ಯದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯ 2020ರಲ್ಲಿ ಆರಂಭವಾಯಿತು. ಎರವಲು ತಂದ ಪುಸ್ತಕವನ್ನು 50ನೆಯ ಪುಟದಲ್ಲಿ ಹಿಂದಿರುಗಿಸಿದರೆ ನಷ್ಟವೇನಿಲ್ಲ.

ಅಂಕಿಯಲ್ಲದ ಗುರಿಗಳು

ವರ್ಷದ ಗುರಿ ಪುಸ್ತಕಗಳ ಸಂಖ್ಯೆಯೇ ಆಗಿರಬೇಕೆಂಬ ನಿಯಮವಿಲ್ಲ. ಒಬ್ಬ ಲೇಖಕರನ್ನು ಆರಿಸಿಕೊಂಡು ಇಡೀ ವರ್ಷ ಅವರೊಂದಿಗೇ ಕಳೆಯಬಹುದು. ಶಿವರಾಮ ಕಾರಂತರ ಕಾದಂಬರಿಗಳೇ 40ಕ್ಕೂ ಹೆಚ್ಚು, ವರ್ಷ ಸಾಲದೇ ಹೋದೀತು. ಜ್ಞಾನಪೀಠ ಪಡೆದ ಎಂಟು ಕನ್ನಡ ಲೇಖಕರಿಂದ ಒಂದೊಂದು ಕೃತಿ ಎಂದರೆ ಎಂಟೇ ಪುಸ್ತಕ, ಆದರೆ ಕಾವ್ಯ, ನಾಟಕ, ಕಾದಂಬರಿ, ಕಥೆ ಎಲ್ಲವೂ ಅದರೊಳಗೆ ಬರುತ್ತವೆ. ಮಾಸ್ತಿಯವರ ಸಣ್ಣಕಥೆಗಳನ್ನು ಮಲಗುವ ಮುನ್ನ ದಿನಕ್ಕೊಂದರಂತೆ ಓದುವವರಿದ್ದಾರೆ. 2025ರಲ್ಲಿ ಬಾನು ಮುಷ್ತಾಕ್ ಅವರಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಅಂತಾರಾಷ್ಟ್ರೀಯ ಬೂಕರ್ ಬಂದ ಬಳಿಕ, ಇಂಗ್ಲಿಷ್ ಪುಸ್ತಕಗಳಲ್ಲೇ ಗುರಿ ಮುಟ್ಟುತ್ತಿದ್ದವರಿಗೆ ಮೂಲ ಕನ್ನಡದ ಕಥೆಗಳತ್ತ ತಿರುಗಲು ನೆಪ ಸಿಕ್ಕಿದೆ.

ಹಳಗನ್ನಡ, ನಡುಗನ್ನಡದ ಕಡೆ ಒಲವಿರುವವರಿಗೆ ಕುಮಾರವ್ಯಾಸ ಭಾರತ ಒಂದು ವರ್ಷದ ಒಳ್ಳೆಯ ಜೊತೆ. ಹತ್ತು ಪರ್ವಗಳ, ಎಂಟು ಸಾವಿರಕ್ಕೂ ಮಿಕ್ಕ ಷಟ್ಪದಿಗಳ ಈ ಕಾವ್ಯಕ್ಕೆ ದಿನಕ್ಕೆ ಇಪ್ಪತ್ತಮೂರು–ಇಪ್ಪತ್ತನಾಲ್ಕು ಪದ್ಯಗಳಂತೆ ಓದಿದರೆ ವರ್ಷ ಸರಿಹೋಗುತ್ತದೆ. ಅರ್ಥ ಬಿಡಿಸಿಕೊಳ್ಳಲು ಕಷ್ಟವಾದ ದಿನ ಗಮಕದ ಧ್ವನಿಮುದ್ರಿಕೆ ಕೇಳಿದರೂ ನಡೆದೀತು. ಖಾತೆಯಲ್ಲಿ ದಾಖಲಾಗುವುದು ಒಂದೇ ಪುಸ್ತಕ. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ದಲ್ಲಿ 945 ಪದ್ಯಗಳಿವೆ. ಅನೇಕರು ಮಾಡುವಂತೆ ಬೆಳಗಿನ ಕಾಫಿಯ ಜೊತೆ ದಿನಕ್ಕೊಂದು ಓದುವವರು ಜನವರಿ ಒಂದರಂದು ಆರಂಭಿಸಿದರೆ ಮುಗಿಯುವುದು ಮೂರನೆಯ ವರ್ಷದ ಆಗಸ್ಟ್ ಮೊದಲ ವಾರದಲ್ಲಿ.